ನೀಲವ್ವನ ಠೇವಣಿ

ಪುರಸಭೆಗೆ ನಿಲ್ಲುವವರು ತಮ್ಮ ಅತಿ ಭಾರದ ನೆನಪನ್ನು ಠೇವಣಿ ಇಡಬೇಕಿತ್ತು. ಠೇವಣಿ ಹೋದರೆ ನೆನಪೂ ಹೋದಂತೆ. ಪಕ್ಷದವರಿಗಾದರೆ ಕಾರ್ಯಕರ್ತರು ತಮ್ಮದನ್ನು ಕೊಡುತ್ತಿದ್ದರು. ಪಕ್ಷೇತರಳಾಗಿ ನಿಂತ ನೀಲವ್ವ, ತೆರೆದ ಗಟಾರದಲ್ಲಿ ಕೊಚ್ಚಿಹೋದ ಮಗಳ ನೆನಪನ್ನೇ ಇಟ್ಟಾಗ ಗಂಡ ಬಸವಂತ ಬೇಡವೆಂದು ಅವಳ ಕೈ ಹಿಡಿದಿದ್ದ. ಗಟಾರ ಮುಚ್ಚಿಸುತ್ತೇನೆಂದು ಅವಳು ಮನೆಮನೆ ತಿರುಗಿದಳು. "ನಮ್ಮ ಓಟು ನಿನಗ ಬಿಡವ್ವಾ" ಎಂದು ಓಣಿಯ ಹೆಂಗಸರು ಕುಂಕುಮ ಹಚ್ಚಿ ಕಳಿಸಿದರು.

ಎಣಿಕೆಯಲ್ಲಿ ಠೇವಣಿ ಹೋಯಿತು.

ಅಂದು ಮನೆಗೆ ಬಂದ ನೀಲವ್ವ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಂಡಳು. ಕೈತೊಳೆದು ಬರುವಾಗ ಗೂಟಕ್ಕೆ ತೂಗುಹಾಕಿದ್ದ ಹಳದಿ ಛತ್ರಿ ಕಂಡಳು.

"ಇದ ಯಾರದರಿ, ಇಷ್ಟ ಸಣ್ಣ ಛತ್ರಿ? ಯಾವುದೋ ಕೂಸು ಬಿಟ್ಟ ಹೋಗೇತಿ. ಮಳಿ ಬರೂ ಹಂಗೈತಿ, ಲಗೂನ ಕೊಟ್ಟ ಬರ್ರಿ."

ಬಸವಂತ ಛತ್ರಿ ಹಿಡಿದು ಗಟಾರದ ತನಕ ಹೋಗಿ ನಿಂತ.