ತಟ್ಟೆ ಇಳಿಸುವ ಹೊತ್ತು

ಹಿತ್ತಿಲ ಕಂಬದ ಮೇಲಿನ ಕಾಳಿನ ತಟ್ಟೆಯ ಅಂಚಿಗೆ ಬಂದು ಕೂತ ಫಿಂಚ್ ಹಕ್ಕಿಯ ಒಂದು ಕಣ್ಣು ಊದಿಕೊಂಡು ಪೂರ್ತಿ ಮುಚ್ಚಿಹೋಗಿತ್ತು. ಅದು ತಡಕಾಡುತ್ತ ಕಾಳು ಹೆಕ್ಕುವುದನ್ನು ಇಂಪಿ ಅಡುಗೆಮನೆಯಿಂದ ನೋಡಿದಳು. ಈ ಕಣ್ಣುರೋಗ ಹಕ್ಕಿಯಿಂದ ಹಕ್ಕಿಗೆ ತಟ್ಟೆಯಲ್ಲೇ ಅಂಟುತ್ತದೆ. ಕಂಡ ಕೂಡಲೇ ತಟ್ಟೆ ಇಳಿಸಿ ತೊಳೆಯಬೇಕು, ಎರಡು ವಾರ ಕಾಳು ಹಾಕಕೂಡದು. ಮಿಷಿಗನ್‌ನ ಈ ಉತ್ತರ ತುದಿಯಲ್ಲಿ ಹಿತ್ತಿಲಿಗೆ ಹಕ್ಕಿ ಕರೆಯುವವರಿಗೆಲ್ಲ ಅದು ಗೊತ್ತು.

ಆದರೆ ಅದೇ ತಟ್ಟೆಗೆ ಗ್ರೋಸ್‌ಬೀಕ್ ಜೋಡಿಯೊಂದು ಮೂರು ಮರಿಗಳನ್ನು ಕರೆತರುತ್ತಿತ್ತು. ಆ ದಪ್ಪ ಕೊಕ್ಕಿನ ಹಕ್ಕಿಗಳು ಈ ಊರಲ್ಲಿ ಮರಿ ಮಾಡದೆ ಹನ್ನೆರಡು ವರ್ಷವಾಗಿತ್ತು. ಗಣಿಯ ದೂಳಿಗೆ ಶ್ವಾಸಕೋಶ ಕಳಕೊಂಡ ಅಣ್ಣ ರೈನೊ, ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು ಹಿತ್ತಿಲ ಕಡೆಯ ಕಿಟಕಿಯಲ್ಲಿ ದಿನವಿಡೀ ಅವುಗಳನ್ನೇ ನೋಡುತ್ತಿದ್ದ. ಮರಿಗಳು ಬಂದ ಮೇಲೆಯೇ ಅವನು ನಾಲ್ಕು ತುತ್ತು ತಿನ್ನತೊಡಗಿದ್ದು.

ಇಂಪಿ ತಟ್ಟೆ ಇಳಿಸಲಿಲ್ಲ. ಏಲಕ್ಕಿ ಬ್ರೆಡ್ಡಿಗೆ ಬೆಣ್ಣೆ ಸವರಿ ತಂದು, ಫಿಂಚ್ ಅಣ್ಣನಿಗೆ ಕಾಣದಂತೆ ಕಿಟಕಿಗೆ ಅಡ್ಡ ನಿಂತಳು.

“ಆಚೆ ಸರಿ ಕಣೇ. ನೀನೇನು ಗಾಜಾ?” ಎಂದ ರೈನೊ.

“ಮೊದ್ಲು ತಿನ್ನಣ್ಣ.”

“ನಿನ್ನ ಬೆನ್ನು ನೋಡ್ಕೊಂಡು ತಿನ್ಬೇಕಾ?”

ಎರಡು ದಿನ ಅವಳು ಏನೋ ನೆಪ ಮಾಡಿ ಹಿತ್ತಿಲಿಗೆ ಹೋಗಿ ಫಿಂಚನ್ನು ಓಡಿಸಿದಳು, ತಟ್ಟೆ ಒರೆಸಿದಳು. ಮೂರನೆಯ ಬೆಳಿಗ್ಗೆ ಗ್ರೋಸ್‌ಬೀಕ್‌ನ ಚಿಕ್ಕ ಮರಿ ತನ್ನ ಎಡಗಣ್ಣನ್ನು ಕಂಬಕ್ಕೆ ಉಜ್ಜುತ್ತಿತ್ತು. ಮತ್ತೆ ಮತ್ತೆ ಉಜ್ಜುತ್ತಿತ್ತು.

“ಅಣ್ಣಾ, ನಂದೇ ತಪ್ಪು,” ಎಂದಳು ಇಂಪಿ. “ಕಾಯಿಲೆ ಫಿಂಚ್ ಬಂದಿದ್ದನ್ನ ಮೊನ್ನೇನೇ ನೋಡಿದ್ದೆ. ತಟ್ಟೆ ಇಳಿಸಿದ್ರೆ ನೀನು ಮತ್ತೆ ಊಟ ಬಿಡ್ತೀಯ ಅಂತ...”

ರೈನೊ ತಿರುಗಲಿಲ್ಲ. “ನಾನು ಅದಕ್ಕೂ ಹಿಂದಿನ ದಿನಾನೇ ನೋಡಿದ್ದೆ ಕಣೇ. ನಿಂಗೆ ಗೊತ್ತಾದ್ರೆ ಇಳಿಸಿಬಿಡ್ತೀಯ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ.”

ಇಂಪಿ ಹೊರಗೆ ಹೋಗಿ ತಟ್ಟೆ ಇಳಿಸಿ, ಬ್ಲೀಚ್ ಹಾಕಿ ಕೈ ಉರಿಯುವವರೆಗೆ ತಿಕ್ಕಿದಳು.

ಮರುದಿನ ತಾಯಿ ಹಕ್ಕಿ ಬರಿ ಕಂಬದ ಮೇಲೆ ಕೂತು ಅತ್ತಿತ್ತ ಕತ್ತು ಹೊರಳಿಸಿತು. ಫರ್ ಮರದ ಕೆಳಗೊಂಬೆಯಲ್ಲಿ ಮರಿಗಳು ರೆಕ್ಕೆ ಅದುರಿಸುತ್ತ ಕೂಗುತ್ತಿದ್ದವು. ಚಿಕ್ಕದರ ಎಡಗಣ್ಣು ಮುಚ್ಚಿತ್ತು.

“ಒಂದೇ ಒಂದು ಹಿಡಿ ನೆಲಕ್ಕೆ ಚೆಲ್ಲಿಬಿಡ್ಲಾ?” ಎಂದಳು ಇಂಪಿ.

“ಬೇಡ. ಇನ್ನೊಂದ್ಸಲ ಕೇಳ್ಬೇಡ, ಕೇಳಿದ್ರೆ ಹೂಂ ಅಂದ್ಬಿಡ್ತೀನಿ.”

ತಾಯಿ ಹಾರಿಹೋಯಿತು. ಅರ್ಧ ಗಂಟೆಯಾದರೂ ಬರಲಿಲ್ಲ. ಮರಿಗಳ ಕೂಗು ಸಣ್ಣದಾಗುತ್ತ ಬಂತು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಗೆ ತಾಯಿ ಕೊಕ್ಕಿನಲ್ಲಿ ಹಸಿರು ಹುಳು ಕಚ್ಚಿಕೊಂಡು ಬಂತು. ರೆಕ್ಕೆಯ ಸದ್ದಿಗೆ ಚಿಕ್ಕ ಮರಿ ಬಾಯಿ ತೆರೆಯಿತು, ಆದರೆ ಯಾರೂ ಇಲ್ಲದ ದಿಕ್ಕಿಗೆ. ತಾಯಿ ಒಂದು ಗಳಿಗೆ ತಡೆಯಿತು. ಆಮೇಲೆ ಕುಪ್ಪಳಿಸುತ್ತ ಕೊಂಬೆ ಸುತ್ತಿ, ಅದರ ತೆರೆದ ಕಣ್ಣಿನ ಕಡೆಗೆ ಬಂದು ಕೂತಿತು.