ಒಂದು ಗೇಣು ಹೆಚ್ಚು

ಮಾಯಾ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಗಂಡ ಅಶ್ವಜಿತ ಮಲಗುವ ಕೋಣೆಯ ಕದವನ್ನು ಚೌಕಟ್ಟಿನಿಂದ ಕಳಚುತ್ತಿದ್ದ. ಮೇಲಿನ ಬಿಜಾಗರಿ ಬಿಚ್ಚಿ ಆಗಿತ್ತು. ಕದ ವಾಲದಂತೆ ಅತ್ತೆ ಕೌಸಲ್ಯಾಬಾಯಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಸಾಗವಾನಿ ಮಂಚ, ಅಲಮಾರಿಯ ಮುಂದಿನ ಸಂದಿಯೊಂದನ್ನು ಬಿಟ್ಟು, ಕೋಣೆಯನ್ನೆಲ್ಲ ತುಂಬಿಕೊಂಡಿತ್ತು. ಮದುವೆಯಾದಾಗಿನಿಂದ ಅದು ಬಿಡಿಬಿಡಿಯಾಗಿ ಪಕ್ಕದ ಮನೆಯಲ್ಲಿತ್ತು. ಕೋಣೆಯ ಬಣ್ಣ ಒಣಗಿದ ಮೇಲೆ, ನಿನ್ನೆ ಸಂಜೆ ಅವಳು ಡ್ಯೂಟಿಗೆ ಹೋದ ಹಿಂದೆಯೇ, ತಂದು ಜೋಡಿಸಿದ್ದರು.

"ಏನ್ ಮಾಡ್ಲಕತ್ತೀರಿ?"

"ಕದ ಪಲಂಗಕ್ಕ ಬಡೀಲಕತ್ತದ. ಅರ್ಧಾನೂ ತೆರೆಯಲ್ಲ," ಎಂದ ಅಶ್ವಜಿತ, ತಿರುಗಿ ನೋಡದೆ.

"ಪಲಂಗ ಆಕಡಿ ಸರಸ್ರಿ."

"ಸರಸಿದ್ರ ಅಲಮಾರಿ ತೆರೆಯಲ್ಲ. ಎಲ್ಲಾ ನೋಡೀನಿ."

"ಅಲಮಾರಿ ಹೊರಗ ಇಡ್ರಿ ಹಂಗಾದ್ರ."

"ಹೊರಗ ಎಲ್ಲಿ?" ಎಂದಳು ಅತ್ತೆ. "ಫ್ರಿಜ್ಜ ಅಲ್ಲೇ, ದಿವಾನ ಅಲ್ಲೇ. ಬಂದ ಮಂದಿ ಎಲ್ಲಿ ಕೂಡಬೇಕು? ಪಡದಾ ಹಾಕ್ತೇವಲ್ಲ. ಹೂವಿನ ಪಡದಾ ತಂದೀನಿ, ಛಲೋ ಕಾಣ್ತದ."

ಮದುವೆಯ ಮಾತುಕತೆಯ ದಿನ ಕೌಸಲ್ಯಾಬಾಯಿ, "ನಮಗ ಹುಂಡಾ ವರದಕ್ಷಿಣಿ ಬ್ಯಾಡ್ರಿ, ನಾವು ಬುದ್ಧನ ಪಂಚಶೀಲ ಹೇಳೋ ಮಂದಿ. ನಿಮ್ಮ ಮಗಳಿಗಿ ನೀವು ಏನ್ ಕೊಡ್ತೀರಿ ಕೊಡ್ರಿ," ಎಂದಿದ್ದಳು. ಮಾಯಾಳ ತಂದೆ ಮಾಣಿಕ ಔರಾದದಿಂದ ಫೋನು ಮಾಡಿ ಕೋಣೆಯ ಅಳತೆ ಕೇಳಿದಾಗ ಆಕೆ ಕೋಣೆಯ ಅಳತೆ ಹೇಳಲಿಲ್ಲ. ಬೀದರದ ತನ್ನ ತಂಗಿಯ ಸೊಸೆ ತಂದ ಮಂಚವನ್ನು ನೋಡಿಕೊಂಡು ಬರಲು ಹೇಳಿದಳು: "ಅದಕ್ಕಿಂತ ಒಂದು ಗೇಣು ಹೆಚ್ಚ ಇರ್ಲಿ." ಮಾಣಿಕ ಬಸ್ಸು ಹತ್ತಿ ಬೀದರಕ್ಕೆ ಹೋಗಿ, ಅವರ ಮನೆಯಲ್ಲಿ ಚಹಾ ಕುಡಿದು, ಅವರ ಮಂಚಕ್ಕೆ ಟೇಪು ಹಿಡಿದು ಬಂದ. ಉದ್ದಕ್ಕೊಂದು, ಅಗಲಕ್ಕೊಂದು ಗೇಣು ಸೇರಿಸಿ ಬಡಗಿಗೆ ಹೇಳಿದ. ಮದುವೆಯ ಪೆಂಡಾಲಿನಲ್ಲಿ ಪಾತ್ರೆಗಳ ಸಾಲಿನ ಪಕ್ಕ ಆ ಮಂಚವನ್ನು ಇಟ್ಟಿದ್ದರು. ಬಂದವರೆಲ್ಲ ಅದರ ಮೇಲೆ ಕೈಯಾಡಿಸಿ ನೋಡಿದರು. ಕೋಣೆ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ.

"ಪಲಂಗ ಕೊಯ್ಸ್ರಿ," ಎಂದಳು ಮಾಯಾ. "ಕಾಲಕಡಿ ಎರಡು ಗೇಣು ಕೊಯ್ದ್ರ ಕದ ಹಾಯ್ತದ."

"ತವರಮನಿಯವರು ಕೊಟ್ಟ ಪಲಂಗ ಯಾರರ ಕೊಯ್ಸ್ತಾರೇನು? ನಿಮ್ಮಪ್ಪ ಏನಂದಾನು?" ಎಂದಳು ಅತ್ತೆ.

"ನಮ್ಮಪ್ಪಗ ನಾ ಹೇಳ್ತೇನಿ. ಗರಗಸ ಅವನೇ ಹಿಡ್ಕೊಂಡು ಬರ್ತಾನ."

"ಇವತ್ತ ಮಧ್ಯಾಹ್ನ ನನ್ನ ತಂಗಿ ಬರ್ಲಕತ್ತಾಳ, ಪಲಂಗ ನೋಡ್ಲಿಕ್ಕಂತನೇ. ಕೊಯ್ದಿದ್ದು ತೋರಿಸ್ಲೇನು ಆಕಿಗಿ?"

ಮಾಯಾ ಅತ್ತೆಯನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ಈ ತಿಂಗಳೆಲ್ಲ ನಂದು ರಾತ್ರಿ ಡ್ಯೂಟಿ. ಮಂದಿ ಎದ್ದಾಗ ನಾ ಮಲಗಾಕಿ. ನಿಮ್ಮ ತಮ್ಮ, ಅವನ ದೋಸ್ತರು, ಬಾಜೂ ಮನಿಯವ್ರು ಎಲ್ಲಾರೂ ಹಗಲೆಲ್ಲ ಇಲ್ಲೇ ಅಡ್ಡಾಡ್ತಾರ. ಪಡದಾ ಗಾಳಿಗಿ ಹಾರಿದ್ರ ನಾ ಏನ್ ಮಾಡ್ಲಿ? ಸೀರಿ ಎಲ್ಲಿ ಬದಲಿ ಮಾಡ್ಲಿ?"

"ಬಚ್ಚಲದಾಗ ಮಾಡು," ಎಂದಳು ಕೌಸಲ್ಯಾಬಾಯಿ. "ನಾ ಲಗ್ನಾಗಿ ಬಂದಾಗ ಈ ಮನಿಗಿ ಕದಾನೇ ಇರ್ಲಿಲ್ಲ. ನಾಕು ಮಕ್ಕಳು ಆಗ್ಲಿಲ್ಲೇನು?"

ಅಶ್ವಜಿತ ನಕ್ಕುಬಿಟ್ಟ. ಹೆಂಡತಿಯ ಮುಖ ನೋಡಿ ನಗು ನುಂಗಿದ. "ನಾಕ್ ದಿನ ತಡಿ ಮಾಯಾ. ಚಿಕ್ಕಮ್ಮ ನೋಡಿ ಹೋಗ್ಲಿ. ಆಮ್ಯಾಲ ಏನರ ಮಾಡೋಣ."

"ನಾಕ್ ದಿನ ನೀವು ಬಸ್‌ಸ್ಟ್ಯಾಂಡಿನಾಗ ಮಲಗಿ ನೋಡ್ರಿ. ಆಮ್ಯಾಲ ನನಗ ಹೇಳ್ರಿ."

ಅವನು ಕೆಳಗಿನ ಬಿಜಾಗರಿಯನ್ನೂ ಬಿಚ್ಚಿ, ಕದವನ್ನು ಹೊರಗಿನ ಗೋಡೆಗೆ ಒರಗಿಸಿ, ಕೈ ಝಾಡಿಸಿಕೊಂಡು, ಬೀದರದಿಂದ ಬರುವ ಚಿಕ್ಕಮ್ಮನನ್ನು ಕರೆತರಲು ಹೋದ. ಕೌಸಲ್ಯಾಬಾಯಿ ಒಲೆಯ ಮುಂದೆ ಹೋಗಿ ಕೂತಳು.

ಮಾಯಾ ಆ ಖಾಲಿ ಚೌಕಟ್ಟನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕದವನ್ನು ಅಪ್ಪಿ ಹಿಡಿದಳು. ಆಸ್ಪತ್ರೆಯಲ್ಲಿ ದೊಡ್ಡಾಳುಗಳನ್ನು ಹಾಸಿಗೆಯ ಮೇಲೆ ಹೊರಳಿಸಿ ಮಲಗಿಸುವುದು ಅವಳ ದಿನದ ಕೆಲಸ. ಕದವನ್ನು ಒಂದು ಮೂಲೆ, ಇನ್ನೊಂದು ಮೂಲೆ ಎಂದು ಜರುಗಿಸುತ್ತ ಒಳಗೆ ತಂದು, ಮಂಚದ ಮೇಲೆ ಮಂಡಿಯೂರಿ, ಚೌಕಟ್ಟಿನಲ್ಲಿ ಮೊದಲಿನ ಜಾಗದಲ್ಲೇ ನಿಲ್ಲಿಸಿದಳು. ಆ ಕಡೆಯ ಸಂದಿಗೆ ಇಳಿದು, ಅಲಮಾರಿಗೆ ಬೆನ್ನು ಕೊಟ್ಟು ಕೂತು, ಎರಡೂ ಕಾಲಿನಿಂದ ಮಂಚವನ್ನು ಒದ್ದು ನೂಕಿದಳು. ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಗವಾನಿ ಕರಕರ ಎಂದಿತು. ಮತ್ತೆ ನೂಕಿದಳು. ಮಂಚ ಹೋಗಿ ಕದಕ್ಕೆ ಒತ್ತಿ ನಿಂತಿತು.

"ಏನದು ಸಪ್ಪಳ?" ಎಂದು ಕೌಸಲ್ಯಾಬಾಯಿ ಎದ್ದು ಬಂದಳು. ಅಂಗೈಯಿಂದ ಕದ ತಳ್ಳಿದಳು, ಅಲುಗಲಿಲ್ಲ. ಕೂಗಿದಳು, ಬೈದಳು, ಆಮೇಲೆ ದನಿ ತಗ್ಗಿಸಿ ಪುಸಲಾಯಿಸಿದಳು.

"ಮಲಗೀನ್ರಿ ಅತ್ತಿ," ಎಂದಿತು ಒಳಗಿನ ದನಿ. "ಸಂಜಿಗಿ ಏಳ್ತೇನಿ."

ಮಧ್ಯಾಹ್ನ ಅಶ್ವಜಿತ ಚಿಕ್ಕಮ್ಮನನ್ನು ಕರೆದುಕೊಂಡು ಬಂದಾಗಲೂ ಕದ ಹಾಗೇ ಇತ್ತು. ಅವನು ಭುಜ ಕೊಟ್ಟು ನೂಕಿದ. ತಾಯಿಯೂ ಕೈ ಹಚ್ಚಿದಳು. ಒಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಚಿಕ್ಕಮ್ಮ ದಿವಾನದ ಮೇಲೆ ಕಾಲು ಮಡಚಿ ಕೂತು ತಾಯಿ ಮಗನ ಒದ್ದಾಟವನ್ನು ಸಾವಕಾಶ ನೋಡಿದಳು. ಕೊಟ್ಟ ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು.

"ಪಲಂಗ ದೊಡ್ಡದು ಅದನೋ ಇಲ್ಲೋ ನನಗೇನ್ ಕಾಣವಲ್ದು ಅಕ್ಕ," ಎಂದಳು. "ಭಾರ ಮಾತ್ರ ಭಾಳ ಅದ."