ಮಾತು ಬೇಡುವ ಮನೆ

ಮನುಷ್ಯರ ದನಿ ಕೇಳಿಸದ ಮನೆಗಳು ಬಿರುಕು ಬಿಟ್ಟು ಬೀಳತೊಡಗಿದ ಮೇಲೆ, ಖಾಲಿ ಮನೆಯಲ್ಲಿದ್ದು ಗೋಡೆಯೊಂದಿಗೆ ಮಾತಾಡುವವರಿಗೆ ಗದಗಿನಲ್ಲಿ ಸಂಬಳವೂ ಸಿಗುತ್ತಿತ್ತು, ಇರಲು ಜಾಗವೂ ಸಿಗುತ್ತಿತ್ತು. ಫಕೀರವ್ವನಿಗೆ ಎರಡೂ ಬೇಕಿದ್ದವು. ಆದರೆ ಬಸ್ ನಿಲ್ದಾಣದಲ್ಲಿ ಮಲಗುತ್ತ ಅವಳು ಕಲಿತದ್ದೇ ಸದ್ದು ಮಾಡದೆ ಇರುವುದನ್ನು. ಈಗ ಇಂಥದೊಂದು ಖಾಲಿ ಮನೆಯ ಪಡಸಾಲೆಯ ನಡುವೆ ನಿಂತರೆ ನಾಲಿಗೆಯೇ ಏಳಲೊಲ್ಲದು.

"ಏನರ ಮಾತಾಡವಾ ತಂಗಿ," ಎಂದರು ಮನೆ ತೋರಿಸಲು ಬಂದಿದ್ದ ಗುರುಸಿದ್ದಪ್ಪ. "ನಿನ್ನೆ ಬಂದಾಂವ ಭಾಷಣ ಬಿಗದಾ, ಗ್ವಾಡಿ ಮತ್ತೊಂದು ಗೇಣು ಸೀಳ್ತು. ನೀ ಅದಕ್ಕ ಒಪ್ಪಿಗಿ ಆದ್ರ ಬಿರುಕು ಕೂಡತೈತಿ, ಕೆಲಸ ನಿಂದ. ಇಲ್ಲಾಂದ್ರ ಕೀಲಿ ಹಾಕ್ಕೊಂಡು ಹೋಗ್ತೇನಿ."

ಫಕೀರವ್ವ ಬಿರುಕಿನ ಹತ್ತಿರ ಹೋದಳು. ಹೇಳುವಂಥದ್ದು ಅವಳಲ್ಲಿ ಏನೂ ಇರಲಿಲ್ಲ. ಕೇಳುವುದೊಂದಿತ್ತು.

"ಇಲ್ಲಿ... ಒಳಗಿಂದ ಹಾಕ್ಕೊಳ್ಳಾಕ ಚಿಲಕ ಐತೇನು?"

ಗೋಡೆಯ ಮಣ್ಣು ಮೆಲ್ಲನೆ ಸರಿಯಿತು. ಬಿರುಕಿನ ಎರಡೂ ಅಂಚು ಬಂದು ಕೂಡಿಕೊಂಡವು.

"ನನ್ನ ಕೂಡ ಒಂದು ಮಾತಿಲ್ಲ, ಇದರ ಕೂಡ ಆಗಲೇ ಗೆಳೆತನ!" ಗುರುಸಿದ್ದಪ್ಪ ನಗುತ್ತ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ಹೊರಟರು.

ಅವಳು ಚಿಲಕ ಹಾಕಿದಳು. ಎಳೆದು ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕುಳಿತಳು.

"ಮೊದಲ ಒಂದೀಟು ನಿದ್ದಿ ಮಾಡ್ತೇನಿ," ಎಂದಳು. "ಎದ್ದ ಮ್ಯಾಲ ಎಲ್ಲಾ ಹೇಳ್ತೇನಿ."